ಅಳಿಯನ ಕಾರಿನ ಮುಂದಿನ ಗಾಲಿ

ರಾಯದುರ್ಗದಿಂದ ಕಣೇಕಲ್ಲಿಗೆ ಹೋಗುವ ರಸ್ತೆಯಲ್ಲಿ ಹೊನ್ನೂರಪ್ಪನ ಶೆಡ್ಡಿದೆ. ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಗಾಲಿಯ ಕೆಲಸವೆಂದರೆ ಬೆಳುಗುಪ್ಪದವರೂ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಎಂಜಿನ್ನಿನ ತಂಟೆಗೆ ಅವನು ಹೋಗುವುದಿಲ್ಲ. ಆ ಕೆಲಸ ಮಾಡುವವರೆಲ್ಲ ಬಾಯಿಬಡುಕರು ಎಂಬುದು ಅವನ ಖಚಿತ ಅಭಿಪ್ರಾಯ. ಗಾಲಿಯ ನಡುವೆ ಕುಳಿತು ಕಾರಿನ ಭಾರವನ್ನೆಲ್ಲ ಹೊತ್ತು ತಿರುಗುವ ಹಬ್, ಅದರೊಳಗಿನ ಬೇರಿಂಗ್, ಇಷ್ಟೇ ಅವನ ಲೋಕ. ಕಾರು ಶೆಡ್ಡಿನ ಕಡೆ ತಿರುಗುವಾಗಲೇ ಯಾವ ಗಾಲಿ ಗುಂಯ್‌ಗುಡುತ್ತಿದೆ ಎಂದು ಹೇಳಿಬಿಡುತ್ತಾನೆ. ನಂಬದವರ ಎದುರು ಜಾಕ್ ಏರಿಸಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಅವರ ಬಾಯಿ ಮುಚ್ಚಿಸುತ್ತಾನೆ.

ಇಂಥವನಿಗೆ ಇರುವುದು ಒಂದೇ ಆಸೆ. ಮಡಕಶಿರಾದ ಅಳಿಯ ಪವನ್ ತನ್ನ ಬೂದು ಬಣ್ಣದ ಕಾರನ್ನು ಇನ್ನೊಂದು ಸಲ, ಒಂದೇ ಒಂದು ಸಲ, ಮಾವನ ಕೈಗೆ ಕೊಡಬೇಕು. ಒಂಬತ್ತು ವರ್ಷದಿಂದ ಹೊನ್ನೂರಪ್ಪ ಇದನ್ನು ಯಾರಿಗೂ ಹೇಳದೆ ಕಾಯುತ್ತಿದ್ದಾನೆ.

ಹಾಗೆ ಕೊಡದಿರುವುದರಲ್ಲಿ ಅಳಿಯನ ತಪ್ಪೇನೂ ಇಲ್ಲ. ಹೊನ್ನೂರಪ್ಪನಿಗೆ ಕೆಲಸ ಕಲಿಸಿದ ರೇವಣಸಿದ್ದಯ್ಯ ಹಳೆಯ ಜೀಪು, ಲಾರಿಗಳ ಕಾಲದವನು. ಗ್ರೀಸನ್ನು ಅಂಗೈಯಲ್ಲಿ ಹಿಟ್ಟಿನಂತೆ ನಾದಿ ಬೇರಿಂಗಿಗೆ ತುಂಬು, ನಟ್ಟನ್ನು ಪೂರ್ತಿ ಬಿಗಿ, ಆಮೇಲೆ ಕಾಲು ಸುತ್ತು ಸಡಿಲಿಸು, ಗಾಲಿಗೂ ಉಸಿರಾಡಲು ಜಾಗ ಬೇಕು ಎಂದು ಅವನು ಹೇಳಿಕೊಟ್ಟಿದ್ದ. ಆ ಕಾಲು ಸುತ್ತು ಹೊನ್ನೂರಪ್ಪನ ಮಣಿಕಟ್ಟಿನಲ್ಲೇ ಕೂತುಬಿಟ್ಟಿತ್ತು. ಹೊಸ ಕಾರುಗಳ ಹಬ್ ಬೇರೆ ಜಾತಿಯದು, ಬಾಯಿ ಮುಚ್ಚಿದ ಡಬ್ಬಿಯಂಥದು. ಅದರ ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿದು ಹಾಗೇ ಬಿಡಬೇಕು. ಇದು ಅವನಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ, ಮಗಳ ಮನೆಯ ಕಾರೆಂದು ಮುತುವರ್ಜಿಯಿಂದ ಹಬ್ ಬದಲಿಸಿ, ಕೊನೆಗೆ ಮೈಮರೆತು ಕಾಲು ಸುತ್ತು ಸಡಿಲಿಸಿದ.

ಹದಿನೈದು ದಿನಕ್ಕೆ ಮಡಕಶಿರಾ ಹತ್ತಿರದ ರತ್ನಗಿರಿಯ ದಾರಿಯಲ್ಲಿ ಆ ಗಾಲಿ ಕಳಚಿ ಕಾರು ಹಳ್ಳಕ್ಕೆ ಇಳಿಯಿತು. ಹಿಂದೆ ಕೂತಿದ್ದ ಪವನನ ತಾಯಿ ಉಜ್ಜಿನಮ್ಮನ ಬಲಗೈ ಮುರಿಯಿತು. ಎಲ್ಲರೂ ರಸ್ತೆಯ ಗುಂಡಿಯನ್ನು ಬೈಯುತ್ತಿದ್ದರು. ಹೊನ್ನೂರಪ್ಪನೂ ಜೊತೆಗೆ ನಾಲ್ಕು ಬೈದು ಸುಮ್ಮನಿರಬಹುದಿತ್ತು. ಅವನು ಬಸ್ಸು ಹತ್ತಿ ಮಡಕಶಿರಾಕ್ಕೆ ಹೋಗಿ, ನಟ್ಟನ್ನು ನೋಡಿ, ಬೀಗರ ನಡುಮನೆಯಲ್ಲಿ ನಿಂತು ಹೇಳಿದ:

"ಗುಂಡಿ ಅಲ್ರಿ. ನನ್ನ ಕೈ ಮಾಡಿದ್ದಿದು."

ಪವನ್ ತಾಯಿಯ ಮುರಿದ ಕೈಯತ್ತ ಒಮ್ಮೆ ನೋಡಿದ. ಆಮೇಲೆ, "ಮಾವ, ನೀವು ಮನೇಗ್ ಬನ್ನಿ, ಉಣ್ಣಿ, ಇರಿ. ಕಾರ್ ಮಾತ್ರ ಮುಟ್ಬ್ಯಾಡಿ," ಎಂದ.

ಜಗಳವಾಗಲಿಲ್ಲ, ಮಾತು ಬಿಡಲಿಲ್ಲ. ಜಗಳವಾಗಿದ್ದರೆ ಒಂದು ದಿನ ರಾಜಿಯಾದರೂ ಆಗುತ್ತಿತ್ತು. ಮಗಳು ಹೇಮಾ ತವರಿಗೆ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗತೊಡಗಿದಳು. ಹೊನ್ನೂರಪ್ಪ ಬಳ್ಳಾರಿಗೆ ಹೋಗಿ ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿದಾಗ ಟಕ್ಕೆನ್ನುವ ಪಾನಾ ತಂದ. ಅಂದಿನಿಂದ ನೂರಾರು ಹಬ್ ಹಾಕಿದ್ದಾನೆ. ಒಂದೂ ತಿರುಗಿ ಬಂದಿಲ್ಲ. ಪ್ರತಿ ಸಲ ಆ ಟಕ್ ಕೇಳಿದಾಗಲೂ ಇದನ್ನು ಅಳಿಯ ಕೇಳಬೇಕಿತ್ತು ಅನ್ನಿಸುತ್ತದೆ. ಬೀಗರ ಮನೆಗೆ ಹೋದರೆ, ಬಲಗೈಗೆ ಮತ್ತೆ ಬಲ ಬರದ ಉಜ್ಜಿನಮ್ಮ ಎಡಗೈಯಲ್ಲಿ ಕಟ್ಟಿದ ಮುದ್ದೆ ಒಂದು ಕಡೆ ವಾಲಿಕೊಂಡು ತಟ್ಟೆಗೆ ಬೀಳುತ್ತದೆ. ಆಕೆ ನಗುತ್ತಲೇ ಬಡಿಸುತ್ತಾಳೆ.

ಹೋದ ಮಾಘದಲ್ಲಿ ಹೆಂಡತಿ ಲಕ್ಷ್ಮಿದೇವಿಗೆ ಕಣ್ಣಿನ ಆಪರೇಷನ್ ಆಯಿತು. ತಾಯಿಯನ್ನು ನೋಡಲು ಹೇಮಾ ಹೊರಟ ದಿನ ಬಸ್ಸು ತಪ್ಪಿತು. ಡ್ರೈವಿಂಗ್ ಕಲಿತಿದ್ದ ಅವಳು ಕಾರನ್ನೇ ತಂದಳು. ಬೆಳಿಗ್ಗೆ ಹತ್ತೂವರೆಗೆ ರಸ್ತೆಯ ತಿರುವಿನಲ್ಲಿ ಸದ್ದು ಕೇಳಿ ಹೊನ್ನೂರಪ್ಪ ತಲೆ ಎತ್ತಿದ. ಮುಂದಿನ ಬಲಗಾಲಿ. ಕಾರು ಕಣ್ಣಿಗೆ ಬಿದ್ದ ಮೇಲೆ ಅವನಿಗೆ ಏನು ಮಾಡಬೇಕೆಂದೇ ತಿಳಿಯದೆ, ಕೈಯಲ್ಲಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ.

"ಕಲ್ಯಾಣದುರ್ಗ ದಾಟಿದ ಮ್ಯಾಲ ಗುಂಯ್ ಅನ್ನಾಕತ್ತೈತಪ್ಪ," ಎಂದಳು ಹೇಮಾ.

"ಹಬ್ ಹೋಗೈತವ್ವ. ಹಿಂಗ ವಾಪಸ್ ಓಡ್ಸಬ್ಯಾಡ." ಜಾಕಿನ ಕಡೆ ಹೆಜ್ಜೆ ಹಾಕಿದವನು ನಿಂತ. "ಮೊದ್ಲು ಅಳಿಯಂದಿರನ್ನ ಕೇಳು."

ಅವಳು ಫೋನ್ ಹಚ್ಚಿದಳು. ಬೇರಿಂಗಿನೊಳಗಿನ ಮರಳ ಕಣದ ಸದ್ದು ಕೇಳುವ ಕಿವಿಗೆ ಫೋನಿನೊಳಗಿನ ಮಾತು ಯಾವ ಲೆಕ್ಕ?

"ಮಾವನ್ ಹತ್ರ ಬ್ಯಾಡ ಹೇಮಾ. ಅಮ್ಮ ಕೂರೋ ಗಾಡಿ ಅದು. ಅಲ್ಲೇ ಬ್ಯಾರೆ ಯಾರಿಗಾರ ತೋರ್ಸು."

ಹೇಮಾ ಫೋನ್ ಇಳಿಸಿ, "ಅವ್ರು ಮೀಟಿಂಗ್‌ನಾಗ ಅದಾರ..." ಎಂದು ಶುರು ಮಾಡಿದಳು.

"ಕೇಳಿಸ್ತವ್ವ. ನಡಿ, ಭೀಮೇಶನ ಹತ್ರ ಹೋಗಾಣ. ಮೆಲ್ಲಕ ಓಡ್ಸು."

ಭೀಮೇಶ್ ಬಸ್‌ಸ್ಟ್ಯಾಂಡಿನ ಹಿಂದೆ ಶೆಡ್ಡು ಇಟ್ಟವನು, ಹೊನ್ನೂರಪ್ಪನ ಹತ್ತಿರವೇ ಕೆಲಸ ಕಲಿತವನು. "ನಿಮ್ಮ ಮಗಳ ಗಾಡಿಗೆ ನಾನ್ ಕೈ ಹಚ್ಚೋದಾ? ಯಾಕ್ರಿ?" ಎಂದು ಗಾಬರಿಯಾದ.

"ಭುಜ ಹಿಡಕೊಂಡೈತಿ," ಎಂದ ಹೊನ್ನೂರಪ್ಪ. ಹೇಮಾ ಬೇರೆ ಕಡೆ ನೋಡಿದಳು.

ಭೀಮೇಶ್ ಗಾಲಿ ಬಿಚ್ಚಿದ, ಹಳೆಯ ಹಬ್ಬನ್ನು ಬಡಿದು ಎಳೆದ. ಹೊನ್ನೂರಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. "ಆ ತುಕ್ಕು ಪೂರ್ತಿ ತೀಡು, ಹೊಸದು ವಾರೆ ಕುಂದ್ರತೈತಿ," ಎಂದು ಮಾತ್ರ ಹೇಳಿದ. ಅವನ ಬೆರಳುಗಳು ಬೆನ್ನ ಹಿಂದೆ ತಾವೇ ತೀಡುತ್ತಿದ್ದವು. ಹೇಮಾ ಅದನ್ನು ನೋಡುತ್ತಿದ್ದಳು.

ಹೊಸ ಹಬ್ ಕೂತಿತು. ನಟ್ಟು ಬಿಗಿಯುವುದೊಂದು ಉಳಿಯಿತು. ಭೀಮೇಶ್ ಉದ್ದನೆಯ ಪಾನಾ ಎತ್ತಿ ಗುರುವಿನ ಎದೆಗೆ ನೇರ ಹಿಡಿದ. "ಭುಜ ನೋವಾದ್ರೂ ಇದೊಂದು ನಿಮ್ಮ ಕೈಲೇ ಆಗ್ಲಿರಿ."

ಮಡಕಶಿರಾ ನಾಲ್ಕು ತಾಸಿನ ದಾರಿ. ಯಾರು ನೋಡುತ್ತಾರೆ, ಯಾರು ಹೇಳುತ್ತಾರೆ? ಹೊನ್ನೂರಪ್ಪನ ಬಲಗೈ ಬಿಡಿಸಿಕೊಂಡು ಮುಂದೆ ಬಂತು, ಪಾನಾದ ಹತ್ತಿರದವರೆಗೂ ಬಂತು. ಜೀವಮಾನದಲ್ಲಿ ಯಾವುದನ್ನೂ ಅವನು ಇಷ್ಟು ಬಯಸಿರಲಿಲ್ಲ. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ನೀನೇ ಬಿಗಿ. ಟಕ್ ಅಂದ ಮ್ಯಾಲ ಬಿಟ್ಟುಬಿಡು."

ಟಕ್ ಎಂದಿತು. ಗಾಲಿ ಹಾಕಿ ಕಾರು ಇಳಿಸುವಷ್ಟರಲ್ಲಿ ಪವನನ ಫೋನ್ ಬಂತು.

"ಆತು, ಹಬ್ ಹೊಸದು ಹಾಕ್ಯಾರ," ಎಂದಳು ಹೇಮಾ. "ಭೀಮೇಶಣ್ಣ ಮಾಡಿದ್ದು." ಆ ಕಡೆಯಿಂದ ಇನ್ನೇನೋ ಕೇಳಿದ. "ಇಲ್ಲ, ಇಲ್ಲ. ಅಪ್ಪ ಮುಟ್ಟಿಲ್ಲ."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಫೋನ್ ಇಟ್ಟು ಅಪ್ಪನ ಹತ್ತಿರ ಬಂದಳು. "ಅಪ್ಪ, ನಾ ಹಂಗ ಅನ್ನಬಾರದಿತ್ತು..." ಎಂದಳು.

"ಖರೇನ ಹೇಳಿದಿ, ಬಿಡವ್ವ," ಎಂದ ಹೊನ್ನೂರಪ್ಪ. "ಊರಿಗ್ ಹೋಗಿ ನಿಮ್ಮ ಅತ್ತಿಗೂ ಹಂಗ ಹೇಳು. ಗಾಡ್ಯಾಗ ಧೈರ್ಯಾಗಿ ಕುಂದ್ರತಾರ."