ಮುಚ್ಚಿದ ಬಲಗಣ್ಣು

ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದವನಿಗೆ ಮೊದಲು ಕಲಿಸುವುದು ಕಣ್ಣು ಮುಚ್ಚುವುದನ್ನು. ಒಳಗೆ ಕಿಟಕಿ ಇಲ್ಲ, ಗೋಡೆಯೆಲ್ಲ ಮಸಿ. ಕಾದ ಮರಳಿನ ಬಾಣಲೆ ಮೊಣಕಾಲೆತ್ತರದಲ್ಲಿದೆ. ಬೆಂಕಿಯ ಬಾಯಿ ಆಚೆ ಕಡೆ ಇರುವುದರಿಂದ ಅದರ ಬೆಳಕು ಬಾಗಿಲ ಕಡೆಯಿಂದ ಬರುವವನಿಗೆ ಸಿಗುವುದಿಲ್ಲ. ಹೊರಗೆ ಅಂಗಳದಲ್ಲಿ ಉರಿಬಿಸಿಲು. ಉಪ್ಪುನೀರು ಬೆರೆಸಿದ ಅಕ್ಕಿ ಅಲ್ಲೇ ಒಣಗುತ್ತಿರುತ್ತದೆ.

ಅಕ್ಕಿ ಬುಟ್ಟಿ ತರಲು ಹೊರಗೆ ಹೊರಟಾಗಲೇ ಬಲಗಣ್ಣು ಮುಚ್ಚಬೇಕು. ಬಿಸಿಲಿನ ಕೆಲಸವೆಲ್ಲ ಎಡಗಣ್ಣಿನದು. ವಾಪಸ್ ಹೊಸ್ತಿಲು ದಾಟಿದ ಮೇಲೆ ಬಲಗಣ್ಣು ಬಿಟ್ಟರೆ ಬಾಣಲೆ ಕಾಣುತ್ತದೆ. ಎರಡೂ ಬಿಟ್ಟುಕೊಂಡು ಹೋದವನಿಗೆ ಒಳಗೆ ಏನೂ ಕಾಣುವುದಿಲ್ಲ. ಯಾಕೆ ಹೀಗೆ ಅಂತ ಯಾರೂ ಕೇಳಿರಲಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ನಾನೂ ಕೇಳಲಿಲ್ಲ. ಅಣ್ಣ ಕಲಿಸಿದ, ಕಲಿತೆ.

ಅಣ್ಣನಿಗೆ ಹರಿಹರದ ಅಕ್ಕನ ಮಗಳನ್ನು ಕೊಡುವುದೆಂದು ಮಾತಾಗಿತ್ತು. ನಮ್ಮಲ್ಲಿ ಅದು ಹೊಸದಲ್ಲ. ಅವ್ವನನ್ನೂ ಅವಳ ಸೋದರಮಾವನಿಗೇ ಕೊಟ್ಟಿದ್ದರು. ಅವನೇ ನಮ್ಮಪ್ಪ, ಈಗಿಲ್ಲ.

ಮಾತಾದ ಮೇಲೆ ಅಣ್ಣ ನಿಧಾನವಾದ. ಬುಟ್ಟಿ ಹೊತ್ತು ಬಂದವನು ಹೊಸ್ತಿಲ ಮೇಲೆ ಸುಮ್ಮನೆ ನಿಲ್ಲುತ್ತಿದ್ದ. ಬೆಂಕಿಗೆ ಹೊಟ್ಟು ಹಾಕುವ ಮುದುಕ ನಗುತ್ತಿದ್ದ.

“ಏನಲೇ ಮದ್ಲಿಂಗ, ಒಳಗೆ ಬರಾಕೆ ಆರತಿ ಎತ್ತಬೇಕೇನು?”

“ಎತ್ತು, ನಿನ್ನ ಕೈಲಿ ಎತ್ತಿಸ್ಕಳಾದೊಂದು ಬಾಕಿ ಐತೆ,” ಅಂತಿದ್ದ ಅಣ್ಣ. ಎಲ್ಲರೂ ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಮರಳು ಹದಕ್ಕೆ ಬಂದಾಗ ಅಕ್ಕಿ ಬೀಳದಿದ್ದರೆ ಮಂಡಕ್ಕಿ ಅರಳುವುದಿಲ್ಲ. ಒಂದು ಮಧ್ಯಾಹ್ನ ಬೈದೆ.

“ಮದುವಿ ಕನಸು ಆಮೇಲೆ ಕಾಣೀಯಂತೆ, ಬಾರಣ್ಣ ಬಿರ್ರನೆ. ಮರಳು ಸುಡಾಕತ್ತೈತೆ.”

ಅವನು ಬಿರ್ರನೆ ಬಂದ. ಬಾಣಲೆಯ ಅಂಚು ಮೊಣಕಾಲಿಗೆ ತಗುಲಿತು. ಬುಟ್ಟಿ ಆಚೆ ಹೋಯಿತು, ಬಲಗೈ ಮೊಣಕೈವರೆಗೆ ಮರಳಿನಲ್ಲಿ ಹೂತುಹೋಯಿತು. ನಾನು ಎಳೆದಾಗ ಚರ್ಮ ಸುಲಿದಿತ್ತು.

ಆಸ್ಪತ್ರೆಯಲ್ಲಿ ಕೈಗೆ ಬಟ್ಟೆ ಸುತ್ತಿಸಿಕೊಂಡು ಕೂತಾಗ ಹೇಳಿದ. “ಮೂರು ವರ್ಷದಿಂದ ಒಳಗೆ ಕಾಣಾದು ಕಮ್ಮಿ ಆಗ್ತಾ ಬಂತು, ಈಗ ಏನೂ ಕಾಣಲ್ಲ. ಕಣ್ಣು ಮುಚ್ಚಿ ಬಿಟ್ರೂ ಅಷ್ಟೇ. ಹೊಸ್ತಿಲಿಂದ ಬಾಣ್ಲಿಗೆ ಒಂಬತ್ತು ಹೆಜ್ಜೆ. ಎಣಿಸ್ಕೆಂಡು ಬರ್ತಿದ್ದೆ. ನೀನು ಅವಸರ ಮಾಡಿದಿ, ಎಣಿಕೆ ತಪ್ತು.”

ಕೆ.ಬಿ. ಬಡಾವಣೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕಣ್ಣಿಗೆ ಹನಿ ಹಾಕಿ, ಸ್ವಲ್ಪ ಹೊತ್ತು ಕೂರಿಸಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ನಾನು ನಮ್ಮ ಭಟ್ಟಿಯ ಉಪಾಯ ಹೇಳಿದೆ.

“ನಿಮ್ಮೋರು ಸರಿಯಾಗೇ ಕಂಡ್ಕಂಡಾರೆ,” ಅಂದರು. “ಕಣ್ಣಿನ ಹಿಂದೆ ಒಂದು ಪರದೆ ಐತೆ. ಅದರಾಗೆ ಎರಡು ಥರ ಜೀವಕೋಶ. ಒಂದು ಬಿಸಿಲಿಗೆ, ಒಂದು ಕತ್ತಲಿಗೆ. ಕತ್ತಲಿನ ಕೋಶದಾಗೆ ಒಂದು ಬಣ್ಣ ಇರುತ್ತೆ. ಬಿಸಿಲು ಬಿದ್ರೆ ಅದು ಖಾಲಿ ಆಗುತ್ತೆ, ಕತ್ತಲಾಗೆ ನಿಧಾನಕ್ಕೆ ತುಂಬ್ಕಳುತ್ತೆ. ನೀವು ಕಣ್ಣು ಮುಚ್ಚಿದ್ರೆ ಖಾಲಿನೇ ಆಗಲ್ಲ, ಅದಕ್ಕೆ ಕಾಣುತ್ತೆ. ಇವರಿಗೆ ಆ ಜೀವಕೋಶಗಳೇ ಸಾಯ್ತಾ ಅದಾವೆ. ತುಂಬಾಕೆ ಪಾತ್ರೆನೇ ಇಲ್ಲ.”

“ಬಿಸಿಲಾಗೆ ಚಂದಾಗಿ ಕಾಣುತ್ತಲ್ರಿ?” ಅಂದ ಅಣ್ಣ.

“ಈಗ ಕಾಣುತ್ತೆ. ಮುಂದೆ ಅದೂ ಅಂಚಿಂದ ಕಮ್ಮಿ ಆಗುತ್ತೆ.” ಆಮೇಲೆ ಕೇಳಿದರು: “ಅಪ್ಪ ಅವ್ವ ಸಂಬಂಧದೊಳಗೇ ಏನು?”

ಅಣ್ಣ ಹೌದೆಂದ. ಅಕ್ಕನ ಮಗಳ ಮಾತನ್ನೂ ಅವನೇ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು. “ರಕ್ತಸಂಬಂಧದಾಗೆ ಆದ್ರೆ ಹುಟ್ಟೋ ಮಕ್ಕಳಿಗೂ ಬರಬಹುದು. ಆ ಹುಡುಗಿಗೆ ಹೇಳ್ದೆ ಮದುವಿ ಆಗಬ್ಯಾಡ್ರಿ.”

ಅವ್ವ ಕೇಳಿ ಅಡುಗೆಮನೆಗೆ ಹೋದಳು. ಅಲ್ಲಿಂದಲೇ ಅಂದಳು: “ಹರಿಹರದಾಗೆ ಕೈ ಸುಟ್ಟೈತೆ ಅಂತ ಮಾತ್ರ ಹೇಳ್ರಿ. ಕಣ್ಣಿನ ಸುದ್ದಿ ಎತ್ತಬ್ಯಾಡ್ರಿ. ಬ್ಯಾರೆ ಯಾರು ಕೊಡ್ತಾರೆ ಇವಂಗೆ?”

ವಾರದ ನಂತರ ಇಬ್ಬರೂ ಹರಿಹರಕ್ಕೆ ಬಸ್ಸು ಹತ್ತಿದೆವು. ಏನು ಹೇಳುತ್ತೀಯ ಅಂತ ಕೇಳಿದೆ. ಅಣ್ಣ ಎಡಗೈಯಿಂದ ಜೇಬಿನ ದುಡ್ಡು ತೆಗೆದು ಕಂಡಕ್ಟರಿಗೆ ಕೊಟ್ಟ. ಬಸ್ಸು ಇಳಿದಾಗ ತಲೆ ಸುಡುವ ಬಿಸಿಲು. ಅಭ್ಯಾಸಬಲದಿಂದ ನನ್ನ ಬಲಗಣ್ಣು ಮುಚ್ಚಿಕೊಂಡಿತು. ಅಕ್ಕನ ಮನೆ ಓಣಿಯ ಕೊನೆಗೆ, ಎರಡು ಗೋಡೆಗಳ ನಡುವೆ ಇದೆ. ಒಳಗೆ ಹಗಲಲ್ಲೂ ಕತ್ತಲು. ಹೊಸ್ತಿಲು ದಾಟಿ ಕಣ್ಣು ಬಿಟ್ಟೆ. ಅಕ್ಕ ಕಂಡಳು, ನೀರಿನ ಚೊಂಬು ಹಿಡಿದ ಹುಡುಗಿ ಕಂಡಳು. ಅಣ್ಣ ಹೊಸ್ತಿಲ ಮೇಲೇ ನಿಂತಿದ್ದ.

“ಯಾಕ ಅಲ್ಲೇ ನಿಂತಿ? ಬಾ ಒಳಗೆ,” ಅಂದಳು ಅಕ್ಕ. “ಭಾರಿ ಸುಟ್ಟೈತಲ್ಲೋ ಕೈ.”

ಹುಡುಗಿ “ತಗೋ ಮಾಮ” ಅಂತ ಚೊಂಬು ಚಾಚಿದಳು. ಅಣ್ಣ ಎಡಗೈ ಚಾಚಿದ. ಚೊಂಬು ಇದ್ದದ್ದು ಒಂದು ಕಡೆ, ಕೈ ಹೋದದ್ದು ಒಂದು ಕಡೆ. ಅಕ್ಕ ನೋಡಿದಳು. ನಾನು ಚೊಂಬು ಇಸಿದುಕೊಳ್ಳಲು ಹೋದೆ. ಅಣ್ಣ ತಡೆದ.

“ಬಿಡು,” ಅಂದ. “ಅಕ್ಕ, ನಂಗೆ ಇಲ್ಲಿ ಏನೂ ಕಾಣಲ್ಲ. ಮುಂದೆ ಬಿಸಿಲಾಗೂ ಕಾಣಲ್ಲಂತೆ. ನಮ್ಮ ರಕ್ತದಾಗೇ ಐತಂತೆ.”

ಅಕ್ಕ ಎದ್ದು ಬಂದು, ಅಣ್ಣನ ಭುಜ ಹಿಡಿದು ಒಳಗೆ ಎಳೆದು, ಬಾಗಿಲು ಹಾಕಿದಳು. ಬಾಗಿಲ ಸಂದಿಯ ಬೆಳಕಷ್ಟೇ ಉಳಿಯಿತು. ಮಗಳ ಮುಂದೆ ಕೈ ಎತ್ತಿದಳು.

“ಎಷ್ಟು ಬೆರಳು, ಹೇಳು.”

“ಮೂರು,” ಅಂದಳು ಹುಡುಗಿ.

“ಈಗ?”

“ಎರಡು. ಯಾಕವ್ವ?”

ಅಣ್ಣ ನನ್ನ ಕಡೆ ತಿರುಗಿದ. “ಸರಿಯಾಗಿ ಹೇಳಿದ್ಲೇನೋ?”

“ಸರಿ ಐತೆ,” ಅಂದೆ.

“ಹಂಗಾರೆ ಬ್ಯಾರೆ ಕಡಿಗೆ ಕೊಡಕ್ಕ,” ಅಂದ. ಗೋಡೆಗೆ ಕೈ ಕೊಟ್ಟು, ಕೂರಲು ಜಾಗ ಹುಡುಕತೊಡಗಿದ.