ಹಿಂದಿನ ಗಲ್ಲಿಗೆ ಇಳಿದವರು

ಮುಂಬೈಯ ಸಯನ್‌ನ ಒಂದು ಹಳೆಯ ನಾಲ್ಕು ಮಹಡಿ ಬಿಲ್ಡಿಂಗಿನಲ್ಲಿ ನಮ್ಮದು ನೆಲಮಹಡಿಯ ಮನೆ. ಹಿಂಬದಿಗೆ, ಪಕ್ಕದ ಬಿಲ್ಡಿಂಗಿಗೂ ನಮಗೂ ನಡುವೆ ಇಕ್ಕಟ್ಟಾದ ಗಲ್ಲಿ, ಅದರುದ್ದಕ್ಕೂ ಮೋರಿ. ಮೇಲಿನ ಕಿಟಕಿಗಳಿಂದ ಬಿದ್ದ ಕಸ ಅಲ್ಲಿ ಕಟ್ಟಿಕೊಂಡು ಪ್ರತಿ ಮಳೆಗಾಲ ಕೊಳಚೆ ನೀರು ನಮ್ಮ ಅಡುಗೆಮನೆಗೆ ನುಗ್ಗುತ್ತಿತ್ತು. ಮೀಟಿಂಗಿನಲ್ಲಿ ಬೇಡಿಕೊಂಡೆ, ಮೆಟ್ಟಿಲ ಬಳಿ ನೋಟಿಸ್ ಅಂಟಿಸಿದೆ. ಎಲ್ಲರೂ ತಲೆಯಾಡಿಸಿದರು, ಕಸ ಬೀಳುತ್ತಲೇ ಇತ್ತು. ನೀರು ಬರುವುದು ನಮ್ಮೊಬ್ಬರ ಮನೆಗೆ, ಮೇಲಿನವರಿಗೇನು?

ಒಂದು ಮೇ ತಿಂಗಳ ಭಾನುವಾರ ಸೀರೆ ಎತ್ತಿ ಕಟ್ಟಿ, ಪೊರಕೆ, ಗೋಣಿಚೀಲ ಹಿಡಿದು ನಾನೇ ಇಳಿದೆ.

"ಬ್ಯಾಂಕಿನ್ಯಾಗ ಆಫೀಸರ್ ಇದ್ದಾಕಿ ಮೋರಿ ಬಳೀತಿಯೇನ?" ಎಂದರು ನನ್ನವರು. ಮುಂಬೈಗೆ ಬಂದು ಎಷ್ಟೋ ವರ್ಷವಾದರೂ ವಿಜಯಪುರದ ಗತ್ತು ಅವರನ್ನು ಬಿಟ್ಟಿಲ್ಲ.

"ಈಗ ಬಳದ್ರ ಜೂನಿನ್ಯಾಗ ಅಡಗಿಮನಿ ಬಳಿಯೋದು ತಪ್ಪತದ," ಎಂದೆ.

ಸ್ವಲ್ಪ ಹೊತ್ತಿಗೆ ಸಲಿಕೆ ಹಿಡಿದು ಅವರೂ ಬಂದರು.

ಮುಂದಿನ ವಾರವೂ ನಾವಿಬ್ಬರೇ. ಕಿಟಕಿಗಳು ತೆರೆದುಕೊಂಡವು, ಮುಚ್ಚಿಕೊಂಡವು. ಮೂರನೆಯ ಭಾನುವಾರ ನಾಲ್ಕನೆಯ ಮಹಡಿಯ ಹಿರಿಯರು ಲುಂಗಿ ಎತ್ತಿ ಕಟ್ಟಿ ಇಳಿದು ಬಂದರು. ಉಡುಪಿ ಕಡೆಯವರು, ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಆಯುಷ್ಯ ಕಳೆದವರು. ನನ್ನ ಕೈಯ ಚೀಲ ತೆಗೆದುಕೊಂಡರು. ಅವರ ಮನೆಗೆ ನೀರು ಏರಬೇಕಾದರೆ ಅರ್ಧ ಮುಂಬೈಯೇ ಮುಳುಗಬೇಕು. ತಡೆಯಲಾರದೆ, ಯಾಕೆ ಬಂದಿರಿ ಎಂದು ಕೇಳಿಯೇಬಿಟ್ಟೆ.

"ಹೋದ ವಾರ ನೀವು ಎತ್ತಿ ಚೀಲಕ್ಕೆ ಹಾಕಿದ್ದು ನಮ್ಮ ಮನೆಯ ಹಳೆ ಕಾಲೊರಸು ಮಾರಾಯ್ರೆ. ನಾನೇ ಎಸೆದದ್ದು," ಎಂದರು. "ಮತ್ತೆ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ."

ಅವರನ್ನು ಕಂಡು ಎರಡನೆಯ ಮಹಡಿಯ ಕಾಲೇಜು ಹುಡುಗಿ ಬಂದಳು. "ಅಜ್ಜ ಕೆಳಗೆ ಕಾಮ್ ಮಾಡ್ತಾರೆ, ನಾನು ಮೇಲಿಂದ ನೋಡೋದು... ಅಚ್ಛಾ ನಹೀ ಲಗ್ತಾ, ಸರಿ ಅನಿಸಲ್ಲ ಆಂಟಿ," ಎಂದು ತಡವರಿಸಿದಳು. ಬೆನ್ನುನೋವಿನಿಂದ ಬಗ್ಗಲಾರದ ಮೊದಲ ಮಹಡಿಯ ಮರಾಠಿ ಅಜ್ಜಿ ಎಲ್ಲರಿಗೂ ಚಹಾ ಕಳಿಸಿದರು. ಜೂನ್ ಹೊತ್ತಿಗೆ ಒಂಬತ್ತು ಜನರಾಗಿದ್ದೆವು. ಒಮ್ಮೆ ಕೈಯಾರೆ ಎತ್ತಿದವರು ಮತ್ತೆ ಕಿಟಕಿಯಿಂದ ಎಸೆಯಲಿಲ್ಲ, ಮನೆಯವರನ್ನೂ ಎಸೆಯಗೊಡಲಿಲ್ಲ.

ಜುಲೈನಲ್ಲಿ ಒಂದು ದಿನ ಆಕಾಶವೇ ಹರಿದಂತೆ ಮಳೆ ಸುರಿಯಿತು. ಫೋರ್ಟಿನ ನಮ್ಮ ಆಫೀಸನ್ನು ಮಧ್ಯಾಹ್ನವೇ ಬಿಟ್ಟರು. ಲೋಕಲ್ ರೈಲು ದಾದರಿನಲ್ಲಿ ನಿಂತುಬಿಟ್ಟಿತು. ನನ್ನವರು ಅಂದು ರಜೆ ಹಾಕಿ ಮನೆಯಲ್ಲಿದ್ದರು, ಫೋನ್ ಮಾಡಿದರೆ ಎತ್ತಲಿಲ್ಲ. ಅಲ್ಲಿಂದ ಕೆಲವೆಡೆ ಮೊಣಕಾಲುದ್ದ ನೀರಿನಲ್ಲಿ ನಡೆದೆ. ಪಾತ್ರೆ, ಅಕ್ಕಿ ಎಲ್ಲ ತೇಲುತ್ತಿರಬೇಕು ಎಂದುಕೊಂಡೇ ಬಿಲ್ಡಿಂಗ್ ಮುಟ್ಟಿದೆ.

ಹಿಂದೆ ಗಲ್ಲಿಯಲ್ಲಿ ಜನ. ನನ್ನವರು, ಹಿರಿಯರು, ಆ ಹುಡುಗಿ, ಎಂದೂ ಇಳಿಯದಿದ್ದ ಇನ್ನೂ ನಾಲ್ವರು ಸುರಿವ ಮಳೆಯಲ್ಲೇ ಬಿದಿರ ಕೋಲುಗಳಿಂದ ತರಗೆಲೆ, ಪ್ಲಾಸ್ಟಿಕ್ ಎಳೆದು ಹಾಕುತ್ತಿದ್ದರು. ಮೋರಿ ಭೋರೆಂದು ಹರಿಯುತ್ತಿತ್ತು. ಯಾರೂ ಯಾರನ್ನೂ ಕರೆದಿರಲಿಲ್ಲವಂತೆ.

"ಅಡಗಿಮನಿ ನೋಡಿ ಬಾ ಹೋಗು," ಎಂದರು ನನ್ನವರು, ಮದುವಣಿಗನ ಹಾಗೆ ಬೀಗುತ್ತ.

ನೆಲ ಒಣಗಿತ್ತು. ಅದರ ಮೇಲೆ ಮೂಡಿದ ಒದ್ದೆ ಹೆಜ್ಜೆಗಳು ನನ್ನವು ಮಾತ್ರ. ನಿಂತಲ್ಲೇ ನಕ್ಕೆ, ಸ್ವಲ್ಪ ಅತ್ತೆ ಕೂಡ.

ಮುಂದಿನ ಭಾನುವಾರ ಪಕ್ಕದ ಬಿಲ್ಡಿಂಗಿನ ಸೆಕ್ರೆಟರಿ ಬಂದು, ಇಷ್ಟು ಜನರನ್ನು ಹೇಗೆ ಕೂಡಿಸಿದಿರಿ ಎಂದು ಹಿಂದಿಯಲ್ಲಿ ಕೇಳಿದರು. "ಪೆಹಲೆ ಆಪ್ ಉತರೋ," ಎಂದರು ಹಿರಿಯರು, ಮೊದಲು ನೀವು ಇಳಿಯಿರಿ ಎಂದು. ಸೆಕ್ರೆಟರಿ ಪ್ಯಾಂಟು ಮಡಚಿ ಇಳಿದರು. ಅವರ ಹಿಂದೆ ಇನ್ನಿಬ್ಬರು ಬಂದರು. ಗಲ್ಲಿಯಲ್ಲಿ ಕಾಲಿಡಲು ಜಾಗ ಸಾಲದೆ ಅಂದು ನಾವು ಪಾಳಿ ಹಚ್ಚಿ ಕೆಲಸ ಮಾಡಿದೆವು.