ಹೆರಿಗೆ ವಾರ್ಡಿನ ಕೆಂಪು ಗುಂಡಿ

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ವಿದ್ಯಾನಗರದ ಆ ಆಸ್ಪತ್ರೆಯ ನಾಲ್ಕೂ ಮಹಡಿಗೆ ಒಳಫೋನಿನ ತಂತಿ ಎಳೆದದ್ದು ಈ ಕೈ. ಇವತ್ತಿಗೂ ಫೋನು ಕೆಟ್ಟರೆ ನನ್ನನ್ನೇ ಕರೆಯುತ್ತಾರೆ.

ಜೋಡಿಸುವ ದಿನ ಮ್ಯಾನೇಜರ್ ಒಂದು ಪಟ್ಟಿ ಕೊಟ್ಟರು. ಬೇರೆಯವರು ಮಾತಾಡುತ್ತಿದ್ದರೂ ನಡುವೆ ನುಗ್ಗುವ ಹಕ್ಕು ಯಾರ್‍ಯಾರ ಫೋನಿಗೆ ಎಂಬ ಪಟ್ಟಿ. ಮೊದಲನೆಯದು ಅವರದೇ!

"ಸಾಹೇಬ್ರ, ಇದು ಕುರ್ಚಿ ನೋಡಿ ಕೊಡೂದಲ್ರಿ" ಎಂದವನು ಹೆರಿಗೆ ವಾರ್ಡಿನ ಫೋನಿಗೆ ಮಾತ್ರ ಹಾಗೆ ನಡುವೆ ನುಗ್ಗುವ ಕೆಂಪು ಗುಂಡಿ ಕೂರಿಸಿದೆ. ಹೆರಿಗೆ ನೋಡುವ ದೊಡ್ಡ ಡಾಕ್ಟರು ನನ್ನ ಮಾತನ್ನೇ ಎತ್ತಿಹಿಡಿದರು.

ಆರು ತಿಂಗಳಾದರೂ ಆ ಗುಂಡಿ ಯಾರೂ ಒತ್ತಿರಲಿಲ್ಲ. ವಾರ್ಡಿನ ಸಿಸ್ಟರನ್ನು ಕೇಳಿದೆ.

"ಡಾಕ್ಟರ್ ಮಾತಾಡುವಾಗ ನಡುವ ಬಾಯಿ ಹಾಕೂದು ಛಲೋ ಕಾಣಂಗಿಲ್ರಿ, ಕಾಕಾ."

ನನ್ನ ಮಗಳ ಚೊಚ್ಚಲ ಹೆರಿಗೆಯೂ ಅಲ್ಲಿಯೇ. ಅಂದು ಮಧ್ಯಾಹ್ನ ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಮಾನಿಟರಿನಲ್ಲಿ ಇಳಿಯತೊಡಗಿತು. ಮೊಬೈಲ್ ಸಿಗ್ನಲ್ ಆ ಒಳಕೋಣೆಗೆ ಬರುವುದಿಲ್ಲ. ಅದೇ ಸಿಸ್ಟರು ಕೆಳಗಿದ್ದ ದೊಡ್ಡ ಡಾಕ್ಟರಿಗೆ ಫೋನು ಹಚ್ಚಿದರು, ಇಟ್ಟರು, ಮತ್ತೆ ಹಚ್ಚಿದರು.

"ಬಿಜಿ ಬರಾಕತ್ತೈತ್ರಿ."

"ಕೆಂಪು ಗುಂಡಿ ಒತ್ರಿ, ಸಿಸ್ಟರ್!"

"ಬೈದ್ರ?"

"ಬೈಸ್ಕೊಳ್ಳಾಕ ನಾ ಅದೇನಿ. ಒತ್ರಿ!"

ಒತ್ತಿದರು. ಒತ್ತಿ ಅವರು ಆಡಿದ ಮೊದಲ ಮಾತು, "ಸರ್, ತಪ್ಪು ತಿಳ್ಕೋಬ್ಯಾಡ್ರಿ..." ಆದರೆ ಹೆರಿಗೆ ವಾರ್ಡಿನ ದನಿ ಕೇಳಿದ್ದೇ ಡಾಕ್ಟರಿಗೆ ಸಾಕಾಗಿತ್ತು. ಸಿಸ್ಟರ್ ಫೋನು ಇಡುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ ಬಂದೇಬಿಟ್ಟರು.

ಎಷ್ಟು ಹೊತ್ತು ಗೋಡೆಗೆ ಒರಗಿದ್ದೆನೋ. ಒಳಗಿಂದ ಕೂಸು ಅತ್ತಿತು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ.

ಡಾಕ್ಟರು ಮಾಸ್ಕ್ ಇಳಿಸುತ್ತ ಹೊರಬಂದರು. "ಇಬ್ಬರೂ ಆರಾಮ ಅದಾರ. ನಿಮ್ಮ ಫೋನಿನ ಪೆಟ್ಟಿಗಿ ನನ್ನ ಮಾತು ಕಡೀತಲ್ರಿ!"

"ಯಾರ ಜೋಡಿ ಮಾತಾಡಾಕತ್ತಿದ್ರಿ?"

"ಮ್ಯಾನೇಜರ್ ಜೋಡಿ. ಅವರ ಕಾರ್ ನೆರಳಾಗ ನಿಲ್ಲಬೇಕಂತ."

ಅಂದು ಮೊದಲ ಸಲ ನಕ್ಕೆ. ಮೊಮ್ಮಗಳ ಮುಖ ನೋಡಿ ಬಂದವನೇ ಕೆಳಗಿಳಿದು ಫೋನಿನ ಪೆಟ್ಟಿಗೆ ಬಿಚ್ಚಿದೆ. ಈಗ ಆ ವಾರ್ಡಿನಿಂದ ಡಾಕ್ಟರ ನಂಬರು ಒತ್ತಿದರೆ ಸಾಕು, ಗುಂಡಿಯ ಹಂಗಿಲ್ಲದೆ ಕರೆ ತಾನೇ ನುಗ್ಗುತ್ತದೆ. ಸಿಸ್ಟರು ಮಾತ್ರ ಇನ್ನೂ "ತಪ್ಪು ತಿಳ್ಕೋಬ್ಯಾಡ್ರಿ" ಎಂದೇ ಶುರುಮಾಡುತ್ತಾರಂತೆ. ಅನ್ನಲಿ ಬಿಡಿ.